ಅಳಿಸು ಎಂಬ ಗುಂಡಿ

ನಮ್ಮವರು ತೀರಿಕೊಂಡ ದಿನವೇ ಪಾಠದ ತಂತ್ರಾಂಶ ನನ್ನ ದುಃಖವನ್ನು ಸೊನ್ನೆಗೆ ಇಳಿಸಿತ್ತು. ಎಪ್ಪತ್ತು ದಾಟಿದವರೂ ದಿನಾ ಪಾಠ ಕಲಿಯಲೇಬೇಕೆಂಬುದು ಈಗಿನ ಕಾನೂನು. ಅಳುತ್ತ ಕೂತರೆ ಹಾಜರಿ ತಪ್ಪುತ್ತದೆ. ಮೂರು ತಿಂಗಳಾದರೂ ನನಗೆ ಒಮ್ಮೆಯೂ ಅಳು ಬರಲಿಲ್ಲ.

ಅದನ್ನು ಸರಿಪಡಿಸಿಕೊಳ್ಳಲು ಧಾರವಾಡದ ಕಲಿಕಾ ಕೇಂದ್ರಕ್ಕೆ ಹೋದೆ. ಸೆಟ್ಟಿಂಗ್ಸ್ ಪುಟದಲ್ಲಿ ಆರುನೂರು ಸಾಲುಗಳಿದ್ದವು. ಸರಿಸಿ ಸರಿಸಿ ಬೆರಳು ಸೋತಿತು. ಕೊನೆಗೆ ‘ವಾಮನರಾವ್, ಧ್ವನಿ’ ಎಂದು ಕಂಡಿತು. ನನಗೆ ಪಾಠ ಓದಿ ಹೇಳುವುದು ಇಂದಿಗೂ ನಮ್ಮವರ ಧ್ವನಿಯೇ. ಪಕ್ಕದಲ್ಲೊಂದು ಗುಂಡಿ: ‘ಅಳಿಸು’. ಸದ್ಯ, ಸಿಕ್ಕಿತಲ್ಲ ಎಂದುಕೊಂಡೆ.

“ಅಜ್ಜಿ, ಒತ್ತಬ್ಯಾಡ್ರಿ!” ಕೌಂಟರಿನ ನಸೀಮಾ ನನ್ನ ಕೈ ಹಿಡಿದಳು. “ಒತ್ತಿದ್ರ ಅಜ್ಜಾರ ಧ್ವನಿ ಪೂರಾ ಹೋಗತೈತ್ರಿ.”

“ನನ್ನ ಅಳಿಸ್ತದ ಅನ್ಕೊಂಡೆನವಾ.”

ಅವಳು ನಗಲಿಲ್ಲ. ಆರುನೂರು ಸಾಲುಗಳನ್ನೂ ಏಳು ತಲೆಬರಹಗಳ ಕೆಳಗೆ ಮಡಚಿಟ್ಟು, ‘ಹಾಜರಿ’ ಎಂಬುದನ್ನು ಮಾತ್ರ ಬಿಚ್ಚಿದಳು. ದುಃಖ ಅದರೊಳಗಿತ್ತು.

“ಎಷ್ಟಕ್ಕ ಇಡ್ಲಿರಿ?”

“ಮೊದಲ ಎಷ್ಟಿತ್ತೋ ಅಷ್ಟಕ್ಕ.”

“ಹಾಜರಿ ತಪ್ಪತೈತ್ರಿ, ಅಜ್ಜಿ.”

“ತಪ್ಪಲಿ ಬಿಡವಾ. ಮೂವತ್ತು ವರ್ಷ ಕಾಲೇಜಿನಾಗ ನಾನ ಹಾಜರಿ ತಗೊಂಡೀನಿ.”

ಅವಳು ಏರಿಸಿದಳು. ನನಗೇನೂ ಆಗಲಿಲ್ಲ.

“ಬರತೈತ್ರಿ, ಸ್ವಲ್ಪ ತಡಾ ಆಗತೈತಿ,” ಎಂದು ತನ್ನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು. ನನ್ನ ಹಿಂದೆ ಸರದಿಯಲ್ಲಿದ್ದವರು, ಯಾರೂ ಹೇಳದೆಯೇ, ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು.