ನಾಲ್ಕು ಎಣ್ಣೆ ಕಲೆಗಳು

ಹಸಿಮೆಣಸಿನಕಾಯಿ, ಅಗಸೆ ಅರೆದು ಹುಳಿ ಬರಿಸಿದ ಕರಿಂಡಿಯ ಭರಣಿ ತೆರೆದಾಗ ಬರುವ ಹುಳಿ ವಾಸನೆಗೆ ಇಂದಿಗೂ ನನಗೆ ನೆನಪಾಗುವುದು ನಾನು ಬರೆದ ಮೊದಲ ನಕಾಶೆ.

ಆಗ ನಾಲ್ಕನೆಯ ತರಗತಿಯಲ್ಲಿದ್ದೆ. ಉತ್ತರ ಎಲ್ಲಿದೆ ಎಂದು ಗುರುಗಳು ಕೇಳಿದಾಗ ಶಾಲೆಯ ಹಂಚಿನ ಕಡೆ ಕೈ ತೋರಿಸಿದ್ದೆ. ಗೋಡೆಯ ನಕಾಶೆಯಲ್ಲಿ ಉತ್ತರ ಮೇಲೆಯೇ ಇತ್ತಲ್ಲ. ಎಲ್ಲರೂ ನಕ್ಕರು. ಹಬ್ಬದ ರಜೆ ಮುಗಿಸಿ ಬರುವಾಗ ನಿಮ್ಮ ಹೊಲದ ನಕಾಶೆ ಬರೆದು ತಾ ಎಂದರು ಗುರುಗಳು.

ಮರುದಿನ ಎಳ್ಳಮಾವಾಸ್ಯೆ. ಭೂಮಿತಾಯಿಗೆ ಎಡೆಯಾಗಿ ಹೊಲದ ಸುತ್ತ ಚರಗ ಚೆಲ್ಲಲು ಹೊಲಕ್ಕೆ ಹೋದಾಗಲೂ ನನ್ನ ಮುಖ ಬಾಡಿಯೇ ಇತ್ತು. ಅಕ್ಷರ ಬಾರದ ನನ್ನ ಅಜ್ಜಿ ಕಾರಣ ಕೇಳಿ, ಕಡುಬು, ರೊಟ್ಟಿ, ಕರಿಂಡಿ ಕಲಸಿದ ಚರಗದ ಬುಟ್ಟಿಯನ್ನು ನನ್ನ ಕೈಗೇ ಕೊಟ್ಟಳು.

"ಮ್ಯಾಲೆ ಇರೋದು ಮುಗಿಲು. ದಿಕ್ಕು ನಡದ್ರ ಸಿಗ್ತಾವ, ಬಾ."

ಕಬ್ಬಿನ ಬದುವಿನ ಮೇಲೆ ಅವಳ ಹಿಂದೆ ನಡೆದೆ.

"ಹೊತ್ತು ಹುಟ್ಟೋದು ಮೂಡಣ, ಚೆಲ್ಲು. ಹೊಳಿ ಇರೋದು ತೆಂಕಣ, ಚೆಲ್ಲು. ಹೊತ್ತು ಮುಳುಗೋದು ಪಡುವಣ."

ನಾಲ್ಕನೆಯ ಬದುವಿನಲ್ಲಿ ಅವಳಿಗಿಂತ ಮೊದಲೇ ನಾನು ಹೇಳಿದೆ: "ಇದು ಬಡಗಣ. ಅಂದ್ರ ಉತ್ತರ."

ಊಟವಾದ ಮೇಲೆ ಬೇವಿನ ಮರದಡಿ ಕೂತು ಹೊಲ, ಬಾವಿ, ಕೃಷ್ಣಾ ಹೊಳೆ ಎಲ್ಲವನ್ನೂ ಬರೆದೆ. ಅಜ್ಜಿ ನೋಟುಬುಕ್ಕನ್ನು ನೆಲದ ಮೇಲಿಟ್ಟು, ನನ್ನ ಹೊಳೆ ನಿಜವಾದ ಹೊಳೆಯ ಕಡೆ ಬರುವಂತೆ ತಿರುಗಿಸಿದಳು. ಆಮೇಲೆ ಹಾಳೆಯ ನಾಲ್ಕೂ ಅಂಚಿಗೆ ಚಿಟಿಕೆ ಚಿಟಿಕೆ ಚರಗ ಇಟ್ಟಳು.

"ಇದೂ ನಮ್ಮ ಹೊಲನ ಅಲ್ಲೇನು."

ಶಾಲೆಯಲ್ಲಿ ಗುರುಗಳು ಹಾಳೆಯ ಎಣ್ಣೆ ಕಲೆಗಳನ್ನು ನೋಡಿ ಇದೇನೆಂದು ಕೇಳಿದರು.

"ನಮ್ಮಜ್ಜಿ ಚರಗ ಚೆಲ್ಯಾಳ್ರಿ, ಸರ್."

ಅವರು ಕೆಂಪು ಪೆನ್ನು ತೆಗೆದು, ಆ ಕಲೆಗಳಿಗೆ ತಾಗದಂತೆ ನಡುವೆ ಸರಿ ಗುರುತು ಹಾಕಿದರು.