ಚೊಚ್ಚಲ ಕೂಸಿನ ಊರು

"ಹುಟ್ಟಿದ್ದು ಮಹಾರಾಷ್ಟ್ರದ ಉಮರ್ಗಾದಾಗ. ಸ್ಥಳೀಯರ ಸೀಟು ಈ ಹುಡುಗಿಗಿ ಸಿಗಲ್ಲ," ಎಂದು ಆಯ್ಕೆ ಸಮಿತಿಯ ಅಧ್ಯಕ್ಷರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಹುಮನಾಬಾದಿನ ಪ್ರವಾಸಿ ಬಂಗಲೆಯಲ್ಲಿ ಅವತ್ತು ವಿಶ್ವವಿದ್ಯಾಲಯದ ಎಂ.ಎಸ್ಸಿ. ಸೀಟುಗಳ ಸಂದರ್ಶನ. ಬಸವಕಲ್ಯಾಣ ತಾಲೂಕಿನ ಮೋರಖಂಡಿಯ ದ್ರೌಪತಿ ಕುರ್ಚಿಯಿಂದ ಎದ್ದು ನಿಂತಳು. "ಸರ್, ಬೆಳೆದದ್ದು, ಕಲ್ತದ್ದು ಎಲ್ಲಾ ಇಲ್ಲೇ ರೀ."

"ನಾನೂ ಬಸವಕಲ್ಯಾಣದಾಂವನೇ. ನಮ್ಮ ಮಕ್ಕಳ ಸೀಟು ಹೊರಗಿನೋರಿಗಿ ಹ್ಯಾಂಗ ಕೊಡ್ಲಿ?"

ಬಾಗಿಲಲ್ಲಿ ನಿಂತಿದ್ದ ತಾಯಿ ಗಯಾಬಾಯಿ, ಯಾರೂ ಕರೆಯದಿದ್ದರೂ ನೇರ ಮೇಜಿನ ಮುಂದೆ ಬಂದಳು. "ಸಾಹೇಬ್ರ, ನಿಮ್ಮವ್ವಗ ನೀವು ಎಷ್ಟನೇ ಮಗಾರಿ?"

"ಹಿರೇ ಮಗ. ಯಾಕ?"

"ಹಂಗಾದ್ರ ನಿಮ್ಮನ್ನ ಹಡೀಲಾಕ ಅವರು ಎಲ್ಲಿಗಿ ಹೋಗಿದ್ರರಿ?"

ಕೆಂಪು ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು. ಪಕ್ಕದಲ್ಲಿ ಕೂತವರು ಆಗಲೇ ನಗತೊಡಗಿದ್ದರು.

"ತವರಿಗಿ... ಸೋಲಾಪುರಕ್ಕ," ಎಂದರು ಅಧ್ಯಕ್ಷರು ಮೆಲ್ಲಗೆ.

"ಚೊಚ್ಚಲ ಕೂಸು ಅವ್ವನ ತವರಾಗ ಹುಟ್ಟತದ, ಅಪ್ಪನ ಮನ್ಯಾಗ ಬೆಳೀತದ. ನೀವೂ ಹಂಗೇ, ನನ್ನ ಮಗಳೂ ಹಂಗೇ. ನೀವು ಇಲ್ಲಿಯವರಾದ್ರ ಆಕಿ ಯಾಕ ಅಲ್ಲರಿ?"

ಅಧ್ಯಕ್ಷರು ಕೆಂಪು ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿದರು. ಪಕ್ಕದವರಿಂದ ನೀಲಿ ಪೆನ್ನು ಇಸಿದುಕೊಂಡು ದ್ರೌಪತಿಯ ಕಡೆ ತಿರುಗಿದರು.

"ಯಾವತ್ತ ಬಂದು ಸೇರ್ತಿ, ತಂಗಿ?"