ಹದಿನಾಲ್ಕನೆಯ ಪತ್ತಿ

ಅಳತೆಯ ಪತ್ತಿ ಒಳಗೆ ಹೋಗಲಿಲ್ಲ.

ಮಲಕಾರಿ ಮಿಸ್ತ್ರಿ ಮತ್ತೊಮ್ಮೆ ಒತ್ತಿ ನೋಡಿದ. ರಾವಸಾಹೇಬರ ಟರ್ಬೊ ಕಾರಿನಿಂದ ಆಗಷ್ಟೇ ಬಿಚ್ಚಿದ ಹಳೆಯ ಸ್ಪಾರ್ಕ್ ಪ್ಲಗ್ಗು ಅದು. ಕಳೆದ ವರ್ಷ ತಾನೇ ಅಳತೆಯಿಟ್ಟು ಕೂಡಿಸಿದ್ದು. ಅಂದು ಸಂದಿನಲ್ಲಿ ಸರಾಗವಾಗಿ ಜಾರಿದ್ದ ಪತ್ತಿ ಇಂದು ಬಾಯಲ್ಲೇ ನಿಂತಿತ್ತು. ಪ್ಲಗ್ಗಿನ ತುದಿ ಉರಿದುರಿದು ಸವೆಯುತ್ತದೆ, ಕಿಡಿ ಹಾರುವ ಸಂದು ಅಗಲವಾಗುತ್ತದೆ. ಯಾರಾದರೂ ಕೈ ಹಾಕದೆ ಅದು ಕಿರಿದಾಗುವುದು ಎಲ್ಲಿಯೂ ಇಲ್ಲ.

ಎರಡು ವರ್ಷದಲ್ಲಿ ಹೀಗಾದ ನಾಲ್ಕನೆಯ ಗಾಡಿ ಇದು.

"ಸಾವಕಾರ್ರ, ನಡುವ ಈ ಗಾಡಿ ಸನ್ಮತಿ ಕಡೆ ಹೋಗಿತ್ತೇನ್ರಿ?"

ರಾವಸಾಹೇಬರು ಶಿರಗುಪ್ಪಿಯ ಕಬ್ಬಿನ ಕುಳ. ಚಹಾ ಹೀರುತ್ತಿದ್ದವರು ತಲೆಯೆತ್ತಿದರು. "ಎಲ್ಲೀದು ಮಿಸ್ತ್ರಿ! ನಿನ್ನ ಕೈ ಬಿಟ್ಟು ಬ್ಯಾರೆ ಕೈ ಇದರ ಬಾನೆಟ್ ಎತ್ತಿಲ್ಲ. ಹೇಂತಿ ಮ್ಯಾಲೂ ನಂದು ಇಷ್ಟು ನಿಷ್ಠಾ ಇಲ್ಲ ನೋಡು." ತಾವೇ ನಕ್ಕರು.

ಮಲಕಾರಿ ನಂಬಲಿಲ್ಲ.

ಸನ್ಮತಿ ಅವನ ಬಳಿಯೇ ಹದಿನೆಂಟು ವರ್ಷ ಪಾನಾ-ಸ್ಪ್ಯಾನರು ಹಿಡಿದು ಕಲಿತವನು. ಈಗ ಹಾರೂಗೇರಿಯ ಅಥಣಿ ರಸ್ತೆಯಲ್ಲಿ ಅವನದೇ ಗ್ಯಾರೇಜು. ಗಾಜಿನ ಕೋಣೆ, ಗಾಡಿಯ ರೋಗ ಹೇಳುವ ಕಂಪ್ಯೂಟರು, ಬಾಗಿಲಲ್ಲಿ ಗಾಡಿಗಳ ಸಾಲು. ಆ ಸಾಲು ಕಣ್ಣಿಗೆ ಬೀಳಬಾರದೆಂದು ಮಲಕಾರಿ ಸಂತೆಗೆ ಸುತ್ತು ಹಾಕಿ ಹೋಗುತ್ತಿದ್ದ. ಆದರೂ ತಿರುವಿನಲ್ಲಿ ನಿಂತು ಎಷ್ಟು ಗಾಡಿ ಎಂದು ಎಣಿಸದೆ ಮುಂದೆ ಹೋಗಲು ಕಾಲು ಏಳುತ್ತಿರಲಿಲ್ಲ. ಹೋದ ತಿಂಗಳು ಸಂತೆಯಲ್ಲಿ ಹೆಂಡತಿ ಭೀಮಾಬಾಯಿ ಇದೇ ಸನ್ಮತಿಯೊಡನೆ ಪಿಸುಗುಡುತ್ತ ನಿಂತಿದ್ದಳು. ಇವನನ್ನು ಕಂಡೊಡನೆ ಇಬ್ಬರೂ ಮಾತು ನುಂಗಿದರು. ತನ್ನ ಗಿರಾಕಿಗಳ ಸುದ್ದಿ ಅಲ್ಲಿಗೆ ಹೇಗೆ ತಲುಪುತ್ತದೆಂದು ಅಂದೇ ತಿಳಿದಂತಾಗಿತ್ತು.

ತನ್ನ ಕೆಲಸವನ್ನು ಪರರ ಕೈ ತಿದ್ದಿದ ದಿನ ಪಾನಾ ಕೆಳಗಿಡುವೆನೆಂದು ಪ್ರಾಯದಲ್ಲಿ ಬೀರದೇವರ ಮುಂದೆ ಭಂಡಾರದ ಅರಿಶಿನ ಮುಟ್ಟಿ ನುಡಿದಿದ್ದ. ಆ ನುಡಿ ಈಗ ಕುತ್ತಿಗೆಗೆ ಬಂದಿತ್ತು.

ಆದರೂ ಹೊಸ ಪ್ಲಗ್ಗುಗಳನ್ನು ಬಿಡಿಸಿದ. ಇರಿಡಿಯಂ ತುದಿಯವು, ಬಿಸಿಯನ್ನು ಬೇಗ ಬಿಟ್ಟುಕೊಡುವ ತಂಪು ಜಾತಿಯವು. ಟರ್ಬೊ ಗಾಡಿಯ ಎದೆಯಲ್ಲಿ ಗಾಳಿ ಒತ್ತಿ ತುಂಬಿರುತ್ತದೆ. ಸಂದು ಕೂದಲೆಳೆಯಷ್ಟು ಹೆಚ್ಚಾದರೂ ಕಿಡಿ ಊದಿದ ದೀಪದಂತೆ ಆರುತ್ತದೆ, ನಿಪ್ಪಾಣಿಯ ಘಾಟಿನಲ್ಲಿ ಗಾಡಿ ಕೆಮ್ಮುತ್ತದೆ. ಈ ಗಾಡಿಗೆ ಪಾಯಿಂಟ್ ಏಳು ಮಿಲಿಮೀಟರು, ಅಷ್ಟೇ.

ಮಲಕಾರಿ ಸಂದು ಅಳೆಯುವ ಫೀಲರ್ ಗೇಜು ಬಿಚ್ಚಿದ. ಚಾಕುವಿನಂತೆ ಮಡಚುವ ಉಕ್ಕಿನ ಪತ್ತಿಗಳು, ತೆಳುವಿನಿಂದ ದಪ್ಪಕ್ಕೆ. ಪತ್ತಿಯ ಮೇಲಿನ ಅಂಕಿ ಓದುವುದು ಕಲಿಯುವವರ ಕೆಲಸ. ಅವನು ಹೆಬ್ಬೆರಳಿನಿಂದ ಎಣಿಸುವವನು. ತೆಳು ಕಡೆಯಿಂದ ಹದಿನಾಲ್ಕನೆಯದು ಪಾಯಿಂಟ್ ಏಳು. ಹಳೆಯ ಗೇಜು, ತನ್ನ ಗುರುವಿನದು. ಹೋದ ವರ್ಷವಲ್ಲ, ಅದರ ಹಿಂದಿನ ಶೀಗಿ ಹುಣ್ಣಿಮೆಗೆ ಕೈಜಾರಿ ಬಿದ್ದು, ತೀರ ತೆಳುವಾದ, ಹಾಳೆಯಂತಹ ಮೊದಲೆರಡು ಪತ್ತಿ ಮುರಿದಿದ್ದವು. ಯಾವ ಗಾಡಿಗೂ ಬಾರದವೆಂದು ಕಿತ್ತೆಸೆದಿದ್ದ.

ಅಳತೆ ಮುಗಿಸಿ, ಪ್ಲಗ್ಗು ಗೇಜುಗಳನ್ನು ತಾಟಿನಲ್ಲಿಟ್ಟು ಹಿತ್ತಲಿನ ಮನೆಗೆ ಒಯ್ದ. ಹೊಸ ಸಾಮಾನು ದೇವರ ಕೋಣೆಯ ಜಗಲಿಯ ಮೇಲೆ ಕೂತು, ಅರಿಶಿನದ ಭಂಡಾರ ಹಚ್ಚಿಸಿಕೊಳ್ಳದೆ ಗಾಡಿಗೆ ಏರುವಂತಿಲ್ಲ. ಅದು ಭೀಮಾಬಾಯಿಯ ಕಟ್ಟಳೆ. ಅವಳು ಕೌದಿ ಹೊಲಿಯುತ್ತಿದ್ದಳು. ಅರವತ್ತಾದರೂ ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸುವವಳು.

"ಎಷ್ಟರ ಮ್ಯಾಲ ಇಟ್ಟೀರಿ?"

"ಪಾಯಿಂಟ್ ಏಳು. ಪ್ರತಿ ಸಲ ಕೇಳ್ತಿ. ಬೀರದೇವರಿಗೆ ಅಳತಿ ಯಾಕ ಬೇಕ?"

"ದೇವರ ಮುಂದ ಇಡೂದು ಖರೇ ಇರಬೇಕಲ್ರಿ."

ತಾಟು ಎತ್ತಿಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅವಳ ಪೂಜೆ ಯಾವಾಗಲೂ ಉದ್ದ. ಕಡೆಗೆ ತಾಟು ಹೊರಬಂದಾಗ ಮಲಕಾರಿ ಪ್ಲಗ್ಗುಗಳನ್ನು ಮುಟ್ಟಲಿಲ್ಲ. ಗೇಜನ್ನೂ ಆ ಹಳೆಯ ಪ್ಲಗ್ಗನ್ನೂ ಕಿಸೆಗಿಳಿಸಿ ಬೈಕು ಏರಿದ.

"ಎಲ್ಲಿಗಿ ಹೊಂಟ್ರಿ?"

"ನಿನ್ನ ಸನ್ಮತಿ ಕಡೆ."

ಅವಳ ಮುಖ ಬಿಳಿಚಿತು. ಮಲಕಾರಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಸನ್ಮತಿ ಕೈ ಒರೆಸಿಕೊಳ್ಳುತ್ತ ಓಡಿಬಂದು ಕಾಲು ಮುಟ್ಟಿದ. "ಬರ್ರಿ ಕಾಕಾ, ಕೂಡ್ರಿ. ಚಾ ತರಸ್ತೇನಿ."

"ಚಾ ಕುಡ್ಯಾಕ ಬಂದಿಲ್ಲಲೇ." ಮಲಕಾರಿ ಪ್ಲಗ್ಗನ್ನು ಮೇಜಿನ ಮೇಲೆ ಕುಕ್ಕಿದ. "ನಾ ಇಟ್ಟ ಸಂದಿಗೆ ಕೈ ಹಚ್ಚಾಕ ನಿನಗ ಎಷ್ಟು ಧೈರ್ಯ?"

ಸನ್ಮತಿ ಅದನ್ನು ಬೆಳಕಿಗೆ ಹಿಡಿದ. "ಶಾಣ್ಯಾ ಕೈ ಐತ್ರಿ. ತುದಿಗಿ ಒಂದು ಗೀರಿಲ್ಲ. ಆದ್ರ ನಂದಲ್ಲ."

"ಹಂಗಾದ್ರ ನಿನ್ನ ಶಿಷ್ಯಾಂದು!"

"ಶಿಷ್ಯಾ ಅಲ್ರಿ. ಇರಿಡಿಯಂ ತುದಿ ಮುಟ್ಟದ ಮ್ಯಾಲಿನ ಕೊಕ್ಕಿ ಹೆಂಗ ಬಗ್ಗಸೂದು ಅಂತ ಒಮ್ಮೆ ಕೇಳಿದ್ರು. ಹೇಳಿದ್ದೆ."

"ಯಾರು ಕೇಳಿದ್ರು? ಹೆಸರ ಹೇಳಲೇ. ಇವತ್ತ ನಾ ಪಾನಾ ಕೆಳಗಿಡೂದೈತಿ. ಯಾರ ಸಲುವಾಗಿ ಇಡಾಕತ್ತೇನಿ ಅಂತರ ಗೊತ್ತಾಗಲಿ."

ಸನ್ಮತಿ ಓದುವ ತನ್ನ ಕನ್ನಡಕ ತೆಗೆದು ಗುರುವಿನ ಮೂಗಿನ ಮೇಲಿಟ್ಟ. "ನಲವತ್ತೈದಕ್ಕ ನನಗ ಬಂತು. ನಿಮಗ ಅರವತ್ನಾಕಾದ್ರೂ ಬ್ಯಾಡೇನ್ರಿ? ಗೇಜ್ ಬಿಚ್ರಿ ಕಾಕಾ. ಎಣಸಬ್ಯಾಡ್ರಿ, ಓದ್ರಿ."

ಮಲಕಾರಿ ಬಿಚ್ಚಿದ. ಹೆಬ್ಬೆರಳು ರೂಢಿಯಂತೆ ಹದಿನಾಲ್ಕನೆಯ ಪತ್ತಿಗೆ ಹೋಗಿ ನಿಂತಿತು. ಅದರ ಮೇಲೆ ಪಾಯಿಂಟ್ ಎಂಟು ಎಂದಿತ್ತು.

ಅದಕ್ಕೆ ಎರಡು ಪತ್ತಿ ಹಿಂದೆ, ಪಾಯಿಂಟ್ ಏಳರ ತುದಿಗೆ ಮಾತ್ರ, ಒಂದು ಬೆರಳಿನ ಗುರುತಿನಷ್ಟು ಭಂಡಾರ ಹತ್ತಿತ್ತು.